ಸಹಾಯ ಬೇಕು: ಕ್ರೋಮಿಯಂ ಹಿಡಿದ ಹಳೆಯ ಶೆಡ್ ಕೆಡವಲು ಯಾವ ಅನುಮತಿ?

ಪೀಣ್ಯದಲ್ಲಿ ನಮ್ಮ ತಂದೆಯವರು ನಡೆಸುತ್ತಿದ್ದ, ಈಗ ಮುಚ್ಚಿರುವ ಕ್ರೋಮ್ ಪ್ಲೇಟಿಂಗ್ ಘಟಕದ ಶೆಡ್ಡನ್ನು ಕೆಡವಬೇಕಾಗಿದೆ. ತೊಟ್ಟಿಗಳಿದ್ದ ಕಡೆ ಕಾಂಕ್ರೀಟ್ ನೆಲ ಹಳದಿಗೆ ತಿರುಗಿದ್ದು, ಗೋಡೆಯ ಗಾರೆ ಮೊಣಕಾಲೆತ್ತರದವರೆಗೆ ಉದುರುತ್ತಿದೆ (ಯಾರೂ ಮುಟ್ಟದಿರಲೆಂದು ಬೀಗ ಹಾಕಿದ್ದೇನೆ). ಪ್ರಯೋಗಾಲಯದ ಪರೀಕ್ಷೆಯಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ವಿಷಕಾರಿ ರೂಪ) ಇರುವುದು ಖಚಿತವಾಗಿದೆ. ಗುತ್ತಿಗೆದಾರರೊಬ್ಬರು ಇದನ್ನು ಸಾಮಾನ್ಯ ಕಟ್ಟಡ ತ್ಯಾಜ್ಯವೆಂದು ಲಾರಿಗೆ ತುಂಬಲು ಸಿದ್ಧರಿದ್ದರು, ನಾನು ಒಪ್ಪಲಿಲ್ಲ.

2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇಂತಹ ತ್ಯಾಜ್ಯವನ್ನು 90 ದಿನಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ, ನಮೂನೆ 10ರ ಮ್ಯಾನಿಫೆಸ್ಟ್‌ನೊಂದಿಗೆ (ಸಾಗಣೆ ದಾಖಲೆ) ಅಧಿಕೃತ ವಿಲೇವಾರಿ ಕೇಂದ್ರಕ್ಕೇ ಕಳುಹಿಸಬೇಕು ಎಂಬುದು ತಿಳಿದಿದೆ. ಆದರೆ ಅಪಾಯಕಾರಿ ತ್ಯಾಜ್ಯ ನಿರ್ವಹಣೆಗೆ ಘಟಕಕ್ಕಿದ್ದ ಹಳೆಯ ಅಧಿಕಾರಪತ್ರದ ಅವಧಿ ಮುಗಿದಿದೆ. ಅದರಲ್ಲಿ ನಮೂದಾಗಿದ್ದುದೂ ಕೆಸರು ಮಾತ್ರ, ಕಟ್ಟಡದ ಅವಶೇಷವಲ್ಲ.

ಹೀಗಿರುವಾಗ, ಕೆಡವುವ ಮೊದಲೇ ನಮೂನೆ 1ರಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅಧಿಕಾರಪತ್ರಕ್ಕಾಗಿ ಹೊಸದಾಗಿ ಅರ್ಜಿ ಸಲ್ಲಿಸಬೇಕೇ, ಅಥವಾ ವಿಲೇವಾರಿ ಕೇಂದ್ರದ ಒಪ್ಪಿಗೆ ಪತ್ರವೇ ಸಾಕೇ?