ರಿಪೋರ್ಟ್‌ನಲ್ಲಿ ನಾಟುವ ಔಷಧಿ ಕೆಚ್ಚಲಲ್ಲಿ ಯಾಕೆ ನಾಟಲ್ಲ?

ಪ್ರಶ್ನೆ (ಚನ್ನರಾಯಪಟ್ಟಣ ಕಡೆಯಿಂದ): ಡಾಕ್ಟ್ರೇ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿ ಹಸು, ನಾಲ್ಕನೇ ಸೂಲು. ಹಿಂದಿನ ಬಲ ಮೊಲೆಗೆ ಕೆಚ್ಚಲು ಬಾವು ಮರುಕಳಿಸ್ತಾನೇ ಇದೆ. ಲ್ಯಾಬಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಅನ್ನೋ ಬ್ಯಾಕ್ಟೀರಿಯಾ ಸಿಕ್ಕಿದೆ, ಔಷಧಿ ನಾಟುತ್ತೆ ಅಂತ ರಿಪೋರ್ಟೂ ಇದೆ. ಮೂರು ದಿನ ಮೊಲೆಯೊಳಗೆ ಔಷಧಿ ಟ್ಯೂಬ್ ಹಾಕಿದ್ರೆ ಹಾಲು ತಿಳಿಯಾಗುತ್ತೆ, ಆಮೇಲೆ ಮತ್ತೆ ಗಡ್ಡೆ. ರೋಗನಿರೋಧಕ ಶಕ್ತಿ ಕಮ್ಮಿ, ಟಾನಿಕ್ ಕೊಡಿ ಅಂತಾರೆ. ಕೊಡಲಾ?

ಉತ್ತರ: ಟಾನಿಕ್ ದುಡ್ಡು ಉಳಿಸಿ. ಬಿಳಿ ರಕ್ತಕಣ ಲಕ್ಷಗಟ್ಟಲೆ ಬಂದೇ ಇವೆ, ಬಂದರೂ ನುಂಗಲಾಗ್ತಿಲ್ಲ. ಲ್ಯಾಬಿನ ಪರೀಕ್ಷೆ ನಡೆಯೋದು ಬಿಡಿಬಿಡಿ ಬ್ಯಾಕ್ಟೀರಿಯಾ ಮೇಲೆ. ಕೆಚ್ಚಲೊಳಗೆ ಅವು ಸಕ್ಕರೆ ಸರಪಳಿ, ಪ್ರೋಟೀನು, ಡಿಎನ್‌ಎ ಕಲಸಿದ ಅಂಟಿನಲ್ಲಿ ಗುಂಪುಗಟ್ಟಿರುತ್ತವೆ. ಇದೇ ಬಯೋಫಿಲ್ಮ್. ಆಳದಲ್ಲಿರೋವು ಬೆಳವಣಿಗೆಯನ್ನೇ ನಿಧಾನ ಮಾಡ್ಕೊಂಡಿರೋದ್ರಿಂದ, ಬೆಳೆಯೋ ಬ್ಯಾಕ್ಟೀರಿಯಾವನ್ನು ಕೊಲ್ಲೋ ಪೆನಿಸಿಲಿನ್ ಜಾತಿಯ ಔಷಧಿಗೆ ಬಗ್ಗಲ್ಲ.

ನ್ಯೂಟ್ರೊಫಿಲ್ ಅನ್ನೋ ಬಿಳಿ ರಕ್ತಕಣ ಒಂಟಿ ಬ್ಯಾಕ್ಟೀರಿಯಾ ನುಂಗುತ್ತೆ, ಇಡೀ ಗುಂಪು ನುಂಗಲಾರದು. ಹಾಲಿನ ಕೊಬ್ಬು, ಕೇಸಿನ್ ಅನ್ನೋ ಹಾಲಿನ ಪ್ರೋಟೀನು ನುಂಗಿ ಮೊದಲೇ ಅರ್ಧ ಶಕ್ತಿಗುಂದಿರುತ್ತೆ. ಜೊತೆಗೆ ಈ ಬ್ಯಾಕ್ಟೀರಿಯಾ ಅದನ್ನೇ ಕೊಲ್ಲೋ ವಿಷ ಬಿಡುತ್ತೆ. ಸತ್ತ ಕಣದಿಂದ ಸೋರಿದ ಕಿಣ್ವ ಹಾಲು ಸುರಿಸೋ ಅಂಗಾಂಶವನ್ನೇ ಸುಡುತ್ತೆ, ಅಲ್ಲಿ ಗಟ್ಟಿ ನಾರು ಬೆಳೆದರೆ ಔಷಧಿಗೂ ದಾರಿ ಇಲ್ಲ.

ಕರೆದ ಮೇಲೆ ಮೊಲೆ ಮೇಲ್ಭಾಗ ಒತ್ತಿ ನೋಡಿ. ಮೆತ್ತಗಿದ್ದು, ಹೊಸ ಸೋಂಕಾಗಿದ್ರೆ 5ರಿಂದ 8 ದಿನದ ಚಿಕಿತ್ಸೆಗೆ ನಿಮ್ಮ ಪಶುವೈದ್ಯರನ್ನು ಕೇಳಿ. ಮೂರು ದಿನಕ್ಕೆ ನಿಲ್ಲಿಸಿದರೆ ತೇಲಾಡೋವು ಮಾತ್ರ ಸಾಯೋದು. ಗಟ್ಟಿ ಗಂಟಿದ್ರೆ ನಾಲ್ಕನೇ ಸೂಲಲ್ಲಿ ಈಗ ಹಣ ಸುರೀಬೇಡಿ. ಕರು ಹಾಕೋಕೆ 60 ದಿನ ಮುಂಚೆ ಬತ್ತಿಸುವಾಗ ಹಾಕೋ ಟ್ಯೂಬಿಗೆ ಅವಕಾಶ ಹೆಚ್ಚು. ಅದಕ್ಕೂ ಬಗ್ಗದಿದ್ರೆ ಆ ಒಂದು ಮೊಲೆ ಬತ್ತಿಸೋದೇ ಲೇಸು. ಅಲ್ಲಿವರೆಗೆ ಈ ಹಸುವನ್ನು ಕೊನೇಲಿ ಕರೀರಿ. ಟ್ಯೂಬಿನ ಮೇಲೆ ಬರೆದ ಅವಧಿ ಮುಗಿಯೋ ತನಕ ನಾಲ್ಕೂ ಮೊಲೆಯ ಹಾಲು ಡೈರಿಗೆ ಬೇಡ.

ಪ್ರಶ್ನೆ (ಅರಸೀಕೆರೆ): ನಮ್ಮದು ಹಾಲು ಕರೆಯೋ ಮೆಷಿನ್, ಹತ್ತು ಹಸು. ದಿನಾ ಕುದಿಯೋ ನೀರಲ್ಲೇ ತೊಳೀತೀವಿ ಸಾರ್, ಆದ್ರೂ ಒಳಗೆ ಲೋಳೆ.

ಉತ್ತರ: ಕುದಿಯೋ ನೀರು ಮೊದಲು ಬಿಟ್ಟರೆ ಹಾಲಿನ ಪ್ರೋಟೀನು ಅಲ್ಲೇ ಬೆಂದು ಅಂಟುತ್ತೆ, ಲೋಳೆಗೆ ಅದೇ ತಳಪಾಯ. ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಕ್ಷಾರದ ಪುಡಿ ಬೆರೆಸಿದ ಸುಮಾರು 70 ಡಿಗ್ರಿ ನೀರು. ಅದು 40ಕ್ಕಿಳಿಯೋ ಮುಂಚೆ ಚೆಲ್ಲಿ. ವಾರಕ್ಕೊಮ್ಮೆ ಆಮ್ಲದ ತೊಳೆತ. ಮೊಲೆತೊಟ್ಟಿಗೆ ಕೂರೋ ರಬ್ಬರ್ ಕೊಳವೆ, ಅಂದ್ರೆ ಲೈನರ್, ಅದರ ಬಾಳಿಕೆ ಸುಮಾರು 2,500 ಕರೆತ. ನಿಮ್ಮ ಹತ್ತು ಹಸುವಿಗೆ ಒಂದೇ ಮೆಷಿನ್, ಎರಡು ಹೊತ್ತು ಅಂದ್ರೆ 125 ದಿನ. ಸೀಳಿದ ರಬ್ಬರಿನ ಬಿರುಕಿಗೆ ಬ್ರಷ್ ಇಳಿಯಲ್ಲ.

ಪ್ರಶ್ನೆ: ಕೆಚ್ಚಲು ಬಾವಿನ ಚಿಕಿತ್ಸೆ ಆದ್ಮೇಲೆ ಹಾಲಿನ ಲ್ಯಾಬ್ ಪರೀಕ್ಷೆ ಒಂದು ಸಲ ನೆಗೆಟಿವ್ ಬಂದ್ರೆ ಸಾಕಾ?

ಉತ್ತರ: ಸಾಲದು. ಸ್ಟ್ಯಾಫಿಲೊಕಾಕಸ್ ಆರಿಯಸ್ ಹಾಲಲ್ಲಿ ಒಂದು ದಿನ ಕಾಣುತ್ತೆ, ಇನ್ನೊಂದು ದಿನ ಇಲ್ಲ. 2, 3, 4ನೇ ವಾರ ಮಾದರಿ ಕೊಡಿ. ತೊಟ್ಟಿನ ತುದಿ ಸ್ಪಿರಿಟ್‌ನಲ್ಲಿ ಒರೆಸಿ, ಮೊದಲ ಮೂರ್ನಾಲ್ಕು ಧಾರೆ ಚೆಲ್ಲಿ, ಸ್ಟೆರೈಲ್ ಬಾಟಲಿಗೆ ಹಿಡಿದು ಐಸ್‌ನಲ್ಲಿಟ್ಟು ಅದೇ ದಿನ ಲ್ಯಾಬಿಗೆ ಮುಟ್ಟಿಸಿ.