ಮಡಿಕೇರಿಯಿಂದ ಕೊಪ್ಪಕ್ಕೆ 32 ಕಿ.ಮೀ. ಎಂದು ಹೊರಟು 26ಕ್ಕೆ ನಿಂತೆ: ತಪ್ಪಿದ್ದು ಎಲ್ಲಿ?

ಕಾಫಿಕಣ (ಮಡಿಕೇರಿ):

ಎಲ್ಲರಿಗೂ ನಮಸ್ಕಾರ. ಜನವರಿಯ ಮೂರನೇ ಭಾನುವಾರದ ಮುಂಬೈ ಮ್ಯಾರಥಾನಿಗೆ ಹೆಸರು ನೋಂದಾಯಿಸಿದ್ದೇನೆ. ಅರ್ಧ ಮ್ಯಾರಥಾನ್ ಎರಡು ಬಾರಿ ಓಡಿದ್ದೇನಾದರೂ ಪೂರ್ಣ 42.195 ಕಿ.ಮೀ.ಗೆ ಇಳಿಯುತ್ತಿರುವುದು ಇದೇ ಮೊದಲು. ತಯಾರಿಯಲ್ಲಿ ಎಲ್ಲಕ್ಕಿಂತ ಉದ್ದದ್ದೆಂದು ಗುರುತು ಹಾಕಿಕೊಂಡಿದ್ದ 32 ಕಿ.ಮೀ. ಓಟ ಕಳೆದ ಭಾನುವಾರ 26ಕ್ಕೇ ನಿಂತುಹೋಯಿತು. ಸ್ಪರ್ಧೆಗೆ ಐದು ವಾರವೂ ಉಳಿದಿಲ್ಲ.

ಜೊತೆಗೆ ಓಡುತ್ತಿದ್ದ ಗೆಳೆಯ ಕಾಫಿ ಕೊಯ್ಲು ಆರಂಭವಾದ ಮೇಲೆ ತೋಟ ಬಿಟ್ಟು ಕದಲುವಂತಿಲ್ಲ, ಹಾಗಾಗಿ ಒಬ್ಬನೇ ಹೊರಟೆ. ದಾರಿ ನಿಮಗೆಲ್ಲ ಗೊತ್ತಿರುವುದೇ: ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಬೋಯಿಕೇರಿ, ಕೆದಕಲ್, ಸುಂಟಿಕೊಪ್ಪ, ಗುಡ್ಡೆಹೊಸೂರು ದಾಟಿ ಕುಶಾಲನಗರ, ಅಲ್ಲಿಂದ ಕಾವೇರಿ ಸೇತುವೆಯಾಚೆಯ ಕೊಪ್ಪ. ಆನೆಗಳ ಓಡಾಟವಿರುವುದರಿಂದ ಬೆಳಕು ಹರಿಯುವ ಮೊದಲು ಹೆದ್ದಾರಿಗೆ ಕಾಲಿಡಕೂಡದೆಂದು ಮನೆಯಲ್ಲಿ ಕಟ್ಟಪ್ಪಣೆ ಇದ್ದುದರಿಂದ ಆರೂವರೆಯ ಮೇಲೆಯೇ ಹೊರಟದ್ದು. ಆಗಲೂ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹುಬ್ಬಿನ ಮೇಲೆ ಹನಿ ಕಟ್ಟುತ್ತಿತ್ತು.

ಕಿ.ಮೀ.ಗೆ 6 ನಿಮಿಷ 15 ಸೆಕೆಂಡಿನಂತೆ ಓಡಬೇಕೆಂಬುದು ನನ್ನ ಲೆಕ್ಕ. ಮೊದಲ 10 ಕಿ.ಮೀ. 54 ನಿಮಿಷಕ್ಕೇ ಮುಗಿಯಿತು. ಉಸಿರು ಒಂದಿಷ್ಟೂ ಏರಿರಲಿಲ್ಲ, ಇಷ್ಟು ದಿನದ ಅಭ್ಯಾಸ ಕೈಹಿಡಿಯಿತೆಂದು ಒಳಗೊಳಗೇ ಹಿಗ್ಗಿದೆ. ಮುಂದಿನ ಹತ್ತಕ್ಕೆ 60 ನಿಮಿಷ ಹಿಡಿಯಿತು. ಆಮೇಲಿನ 6 ಕಿ.ಮೀ.ಗೆ 46 ನಿಮಿಷ, ಅದರಲ್ಲೂ ಅರ್ಧ ನಡಿಗೆ. ಗುಡ್ಡೆಹೊಸೂರಿನ ಹತ್ತಿರ ಒಂದು ಅಂಗಡಿಯ ಜಗಲಿಯ ಮೇಲೆ ಕುಳಿತವನಿಗೆ ಮತ್ತೆ ಎದ್ದು ಓಡಲಾಗದೆ ಬಸ್ಸು ಹತ್ತಿ ಮನೆಗೆ ಬಂದೆ. ಹಿಂದಿನ ರಾತ್ರಿ ಅಕ್ಕಿರೊಟ್ಟಿ ತಿಂದಿದ್ದೆ. ಬೆಳಿಗ್ಗೆ ಬೆಲ್ಲದ ಕಾಫಿ ಮಾತ್ರ. ದಾರಿಗೆಂದು ಸೊಂಟದ ಪಟ್ಟಿಯಲ್ಲಿ ಅರ್ಧ ಲೀಟರ್ ಓಆರ್‌ಎಸ್ ನೀರು ಮತ್ತು ಎರಡು ಏಲಕ್ಕಿ ಬಾಳೆಹಣ್ಣು ಇದ್ದವು.

ಬರುವ ಭಾನುವಾರ ಅದೇ 32ನ್ನು ಮತ್ತೆ ಓಡಿ ಮುಗಿಸಬೇಕೇ? ಇದು ಮನೋಬಲದ ಕೊರತೆ ಎನ್ನುವವರಿದ್ದರೆ ಅದನ್ನೂ ಕೇಳಲು ಸಿದ್ಧನಿದ್ದೇನೆ.

ಒಂಟಿಕೊಪ್ಪಲು ಓಟ (ಮೈಸೂರು):

ಮನೋಬಲವನ್ನು ಬದಿಗಿಡಿ, ಮೊದಲು ಹೊಟ್ಟೆಯ ಲೆಕ್ಕ ನೋಡೋಣ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ದೇಹದ ಸಕ್ಕರೆಯ ದಾಸ್ತಾನು, ಸಾಧಾರಣವಾಗಿ ಒಂದೂವರೆ, ಎರಡು ಗಂಟೆಯ ಜೋರು ಓಟಕ್ಕೆ ಸಾಕಾಗುತ್ತದೆ. ಅದಕ್ಕಿಂತ ದೀರ್ಘವಾದುದಕ್ಕೆ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟವನ್ನು ದಾರಿಯಲ್ಲೇ ಒಳಗೆ ಹಾಕುತ್ತಿರಬೇಕು. ಓಆರ್‌ಎಸ್ ಎಂದರೆ ಶಕ್ತಿಯ ಪಾನೀಯವೆಂದು ಬಹಳ ಜನ ತಿಳಿದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ಒಂದು ಲೀಟರಿಗೆ ಹಾಕುವ ಗ್ಲೂಕೋಸ್ 13.5 ಗ್ರಾಂ ಮಾತ್ರ, ಏಕೆಂದರೆ ಅದನ್ನು ರೂಪಿಸಿದ್ದು ಭೇದಿಯಿಂದ ಬಳಲಿದವರಿಗೆ ನೀರು ಮತ್ತು ಉಪ್ಪು ಮರಳಿ ತುಂಬಿಸುವುದಕ್ಕೆ. ನಿಮ್ಮ ಅರ್ಧ ಲೀಟರಿನಲ್ಲಿ ಇದ್ದದ್ದು 7 ಗ್ರಾಂಗೂ ಕಡಿಮೆ. ಎರಡು ಏಲಕ್ಕಿ ಬಾಳೆ ಸೇರಿಸಿದರೂ 40 ಗ್ರಾಂ ದಾಟುವುದು ಕಷ್ಟ. 2 ಗಂಟೆ 40 ನಿಮಿಷದ ಓಟಕ್ಕೆ ಕನಿಷ್ಠ 80 ಗ್ರಾಂ ಬೇಕಿತ್ತು. ಡಬ್ಬಿಯಲ್ಲಿ ಬುತ್ತಿ ಇಲ್ಲದೆ ಹೊರಟು ದಾರಿಯಲ್ಲಿ ಹಸಿದಿರಿ, ನನ್ನ ಮಟ್ಟಿಗೆ ಇಷ್ಟೇ ಸಂಗತಿ.

ಮೈದಾನದ ಟೀಚರ್ (ಗೋಣಿಕೊಪ್ಪ):

ಮೈಸೂರಿನವರ ಲೆಕ್ಕ ಸರಿಯಾಗಿದೆ, ಆದರೆ ಈ ಓಟಕ್ಕೆ ಅದು ಹೊಂದುತ್ತದೆಯೇ ಎಂಬ ಸಂಶಯ ನನಗಿದೆ. ಉತ್ತರ ಹೇಳುವ ಮೊದಲು ಮೂರು ವಿಷಯ ಕೇಳುತ್ತೇನೆ. ನಿಲ್ಲುವ ಹೊತ್ತಿಗೆ ತಲೆ ಹಗುರಾಗಿ, ಕಣ್ಣು ಮಂಕಾಗಿ, ತಣ್ಣನೆಯ ಬೆವರು ಬಂದಿತ್ತೇ? ಅಂಗಡಿಯಲ್ಲಿ ಸಿಹಿಯಾದದ್ದೇನಾದರೂ ತಿಂದಿರಾ, ತಿಂದ ಮೇಲೆ ಕಾಲಿಗೆ ಜೀವ ಬಂತೇ? ಸೋಮವಾರ ಮತ್ತು ಮಂಗಳವಾರ ಮೆಟ್ಟಿಲು ಹತ್ತುವುದು ಕಷ್ಟವಾಯಿತೋ, ಇಳಿಯುವುದೋ?

ಇನ್ನೊಂದು ಸಂಗತಿ. ನೀವು ಕೊಟ್ಟ ಸಮಯಗಳನ್ನು ಕೂಡಿಸಿದರೆ 26 ಕಿ.ಮೀ.ಗೆ 160 ನಿಮಿಷ, ಅಂದರೆ ಕಿ.ಮೀ.ಗೆ ಸರಾಸರಿ 6 ನಿಮಿಷ 9 ಸೆಕೆಂಡು. ಓಟ ಕೆಟ್ಟು ಜಗಲಿಯ ಮೇಲೆ ಕುಳಿತ ಹೊತ್ತಿನಲ್ಲೂ ನಿಮ್ಮ ಸರಾಸರಿ ನೀವು ಹಾಕಿಕೊಂಡಿದ್ದ ಲೆಕ್ಕಕ್ಕಿಂತ ಚೆನ್ನಾಗಿತ್ತು! ಗಡಿಯಾರದ ಸರಾಸರಿಯನ್ನೇ ನೋಡುತ್ತ ಓಡಿದವರಿಗೆ ಕೊನೆಯ ಗಳಿಗೆಯವರೆಗೂ ಎಲ್ಲ ಸರಿಯಿದೆ ಎಂದೇ ಅನ್ನಿಸುತ್ತದೆ.

ಕಾಫಿಕಣ (ಮಡಿಕೇರಿ):

ಟೀಚರ್, ಸರಾಸರಿಯನ್ನು ನಾನು ಹಾಗೆ ನೋಡಿರಲೇ ಇಲ್ಲ. ತಲೆ ಸ್ವಚ್ಛವಾಗಿತ್ತು, ಅಂಗಡಿಯವರು ಈ ಸಲ ಚೆರ್ರಿ ಕೊಯ್ಯಲು ಆಳು ಸಿಗದ ಕಥೆಯನ್ನು ಸುಮಾರು ಹೊತ್ತು ಹೇಳಿದರು, ನಾನೂ ಏದುಸಿರಿಲ್ಲದೆ ಮಾತಾಡಿದೆ. ಸಕ್ಕರೆ ಹೆಚ್ಚು ಹಾಕಿಸಿಕೊಂಡು ಎರಡು ಲೋಟ ಚಹಾ ಕುಡಿದು ಒಂದು ಬನ್ ತಿಂದೆ. ಇಪ್ಪತ್ತು ನಿಮಿಷ ಬಿಟ್ಟು ಎದ್ದು ನಾಲ್ಕು ಹೆಜ್ಜೆ ಓಡಿ ನೋಡಿದರೆ ಮೊಣಕಾಲಿನ ಮೇಲಿನ ಭಾಗ ಗಡಗಡ ನಡುಗಿ ಕಾಲು ಮಡಚಿಕೊಳ್ಳುವಂತಾಯಿತು. ಮೆಟ್ಟಿಲಿನ ವಿಷಯವಂತೂ ನೀವು ಕಣ್ಣಾರೆ ಕಂಡಂತೆ ಕೇಳಿದ್ದೀರಿ: ನಮ್ಮ ಮನೆಯಿಂದ ಕಣಕ್ಕೆ ಹನ್ನೊಂದು ಕಲ್ಲಿನ ಮೆಟ್ಟಿಲುಗಳಿವೆ. ಹತ್ತುವಾಗ ಏನೂ ಅನ್ನಿಸಲಿಲ್ಲ, ಇಳಿಯುವಾಗ ಮಾತ್ರ ಮಂಗಳವಾರದವರೆಗೂ ಹಿಂದುಮುಂದಾಗಿ, ಗೋಡೆ ಹಿಡಿದು ಇಳಿದೆ. ಕಾಫಿ ಹರಡುತ್ತಿದ್ದ ಹೆಂಗಸರಿಗೆ ಅದೊಂದು ತಮಾಷೆಯಾಯಿತು.

ಮೈದಾನದ ಟೀಚರ್ (ಗೋಣಿಕೊಪ್ಪ):

ಹಾಗಾದರೆ ಬುತ್ತಿ ಮುಗಿದದ್ದಲ್ಲ, ಬ್ರೇಕ್ ಸವೆದದ್ದು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಕುಶಾಲನಗರ ಅದಕ್ಕಿಂತ ಹತ್ತಿರಹತ್ತಿರ 300 ಮೀಟರ್ ಕೆಳಗೆ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆ ಊರಿದಾಗಲೂ ತೊಡೆಯ ಮುಂಭಾಗದ ಸ್ನಾಯು ಬಿಗಿದುಕೊಂಡಿರುವಾಗಲೇ ಹಿಗ್ಗುತ್ತ ಮೈಭಾರವನ್ನು ತಡೆಯಬೇಕಾಗುತ್ತದೆ, ಆ ಜಗ್ಗಾಟದಲ್ಲಿ ಅದರ ಎಳೆಗಳಿಗೆ ಸಣ್ಣಸಣ್ಣ ಪೆಟ್ಟುಗಳು ಬೀಳುತ್ತವೆ. ಈ ಕೆಲಸಕ್ಕೆ ಆಮ್ಲಜನಕ ಕಡಿಮೆ ಸಾಕು, ಆದ್ದರಿಂದ ಉಸಿರಾಗಲಿ ನಾಡಿಯಾಗಲಿ ಎಚ್ಚರಿಕೆ ಕೊಡುವುದಿಲ್ಲ. ಸಂಪಾಜೆ ಘಾಟಿ ಇಳಿಯುವ ಲಾರಿಯ ಇಂಜಿನ್ ಸದ್ದಿಲ್ಲದೆ ಬರುತ್ತಿದ್ದರೂ ಚಕ್ರದ ಬಳಿ ಲೈನರ್ ಸುಟ್ಟ ವಾಸನೆ ಬರುತ್ತದಲ್ಲ, ಹಾಗೆಯೇ ಇದು. ಅಭ್ಯಾಸ ಕೈಹಿಡಿಯಿತೆಂದು ನೀವು ಹಿಗ್ಗಿದ ಆ 54 ನಿಮಿಷದಲ್ಲಿ ಒಂದಷ್ಟು ಪಾಲು ರಸ್ತೆಯದ್ದು. ಲೆಕ್ಕದ ಪ್ರಕಾರ ಅಲ್ಲಿ ಎಂಟೂವರೆ ನಿಮಿಷ ಹೆಚ್ಚು ತೆಗೆದುಕೊಂಡಿದ್ದರೆ ಕೊಪ್ಪದ ಸೇತುವೆ ಕಾಣುತ್ತಿತ್ತೆಂದು ನನ್ನ ಅಂದಾಜು. ಜೊತೆಗೆ ಓಡುವವರಿದ್ದರೆ ಬೋಯಿಕೇರಿಯಲ್ಲೇ ಯಾರಾದರೂ ನಿಮ್ಮ ತೋಳು ಹಿಡಿದು ಜಗ್ಗುತ್ತಿದ್ದರು. ಒಂಟಿ ಓಟದಲ್ಲಿ ಆ ಕೆಲಸವನ್ನೂ ಓಡುವವರೇ ಮಾಡಿಕೊಳ್ಳಬೇಕು.

ಬರುವ ಭಾನುವಾರ 32 ಖಂಡಿತ ಬೇಡ. ನೋವು ಹೋದ ಮಾತ್ರಕ್ಕೆ ಸ್ನಾಯುವಿನ ಬಲ ಪೂರ್ತಿ ಮರಳಿರುವುದಿಲ್ಲ. ಈ ವಾರ ನಡಿಗೆ ಮತ್ತು ಸಣ್ಣ ಓಟ, ಭಾನುವಾರ ಹೆಚ್ಚೆಂದರೆ 14 ಕಿ.ಮೀ. ಸಾಕು. ಅದರ ಮುಂದಿನ ಭಾನುವಾರ, ಸ್ಪರ್ಧೆಗೆ ಮೂರು ವಾರವಿರುವಾಗ, ಇನ್ನೊಂದು ದೂರದ ಓಟಕ್ಕೆ ಸಮಯವಿದೆ. ಅದನ್ನು ಬೆಟ್ಟದ ಮೇಲಿಂದ ಆರಂಭಿಸಬೇಡಿ. ಬಸ್ಸಿನಲ್ಲಿ ಕುಶಾಲನಗರಕ್ಕೆ ಇಳಿದು ಕೂಡಿಗೆ, ಹೆಬ್ಬಾಲೆ ಕಡೆಯ ಗದ್ದೆಬಯಲಿನ ರಸ್ತೆಯಲ್ಲಿ ಹೋಗಿ ಬನ್ನಿ. ನೋವಿನ ಮಾತ್ರೆ ನುಂಗಿ ಮಾತ್ರ ಓಡಬೇಡಿ. ನೀರು ಕಳೆದುಕೊಂಡ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಭಾರ.

ಕಳೆದ ಭಾನುವಾರ ಪೂರ್ತಿ ದಂಡವಾಗಿಲ್ಲ ಎಂಬುದನ್ನೂ ಹೇಳಬೇಕು. ಒಮ್ಮೆ ಹೀಗೆ ಪೆಟ್ಟು ತಿಂದು ಮಾಗಿದ ಸ್ನಾಯು ಮುಂದಿನ ಸಲ ಅದೇ ಪೆಟ್ಟಿಗೆ ಅಷ್ಟು ನಲುಗುವುದಿಲ್ಲ, ಮತ್ತು ಆ ರಕ್ಷಣೆ ಕೆಲವು ವಾರಗಳ ಕಾಲ ಉಳಿಯುತ್ತದೆ.

ಒಂಟಿಕೊಪ್ಪಲು ಓಟ (ಮೈಸೂರು):

ಬನ್ ತಿಂದರೂ ಕಾಲು ಏಳಲಿಲ್ಲವೆಂದ ಮೇಲೆ ನನ್ನ ವಾದವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೂ ಬೆಲ್ಲದ ಕಾಫಿಯೊಂದನ್ನೇ ನಂಬಿ 42 ಕಿ.ಮೀ.ಗೆ ಇಳಿಯಬೇಡಿ; ಅಲ್ಲಿ ಬುತ್ತಿ ಖಂಡಿತ ಮುಗಿಯುತ್ತದೆ. ಸ್ಪರ್ಧೆಯ ದಿನ ತಿನ್ನಬೇಕೆಂದಿರುವುದನ್ನು ಹೆಬ್ಬಾಲೆ ರಸ್ತೆಯಲ್ಲೇ ತಿಂದು ನೋಡಿ, ಹೊಟ್ಟೆ ಒಪ್ಪುತ್ತದೆಯೋ ಇಲ್ಲವೋ ಗೊತ್ತಾಗಲಿ.

ಮಂಜಿನೂರು (ಸೋಮವಾರಪೇಟೆ):

ಎರಡು ಮಾತು ಸೇರಿಸುತ್ತೇನೆ. 32 ಎಂಬ ಸಂಖ್ಯೆಗೆ ಇಷ್ಟು ಭಯಭಕ್ತಿ ಬೇಡ. ಮೈಲಿ ಲೆಕ್ಕದವರ 20 ಮೈಲಿ ಎಂಬ ದುಂಡು ಅಂಕಿ ಕಿ.ಮೀ.ಗೆ ಇಳಿದಾಗ 32 ಆಗಿದೆ, ಅಷ್ಟೇ. ದೇಹಕ್ಕೆ 29ಕ್ಕೂ 32ಕ್ಕೂ ನಡುವೆ ಯಾವ ಗಡಿಕಲ್ಲೂ ಇಲ್ಲ. ಎರಡನೆಯದು, ನಮ್ಮ ಡಿಸೆಂಬರ್ ಚಳಿಯಲ್ಲಿ ಕಾಣದ ಬೆವರು ಮುಂಬೈಯ ಕಡಲ ಗಾಳಿಯಲ್ಲಿ ಆರದೆ ಮೈಗೇ ಅಂಟಿಕೊಳ್ಳುತ್ತದೆ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ, ಅದೇ ವೇಗಕ್ಕೆ ನಾಡಿ ಮೇಲೇರುತ್ತದೆ. ಹಾಗೆಂದು ಹೆದರಿ ಸಿಕ್ಕ ಕಡೆಯಲ್ಲೆಲ್ಲ ಬರಿಯ ನೀರನ್ನು ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ಇಳಿದು ಅಪಾಯವಾಗುತ್ತದೆ. ಬಾಯಾರಿಕೆ ನೋಡಿಕೊಂಡು ಕುಡಿಯಿರಿ. 6 ನಿಮಿಷ 15 ಸೆಕೆಂಡಿನ ಲೆಕ್ಕವನ್ನು ಅಲ್ಲಿಗೆ ಸ್ವಲ್ಪ ಸಡಿಲಿಸಿ.

ಕಾಫಿಕಣ (ಮಡಿಕೇರಿ):

ಎಲ್ಲರಿಗೂ ಕೃತಜ್ಞತೆಗಳು. ಬರುವ ಭಾನುವಾರ 14ರ ಮೇಲೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಅದರ ಮುಂದಿನ ಭಾನುವಾರ ಕುಶಾಲನಗರದಿಂದ ಹೆಬ್ಬಾಲೆ ಕಡೆಗೆ ಹೋಗಿ ತಿರುಗಿ ಬರುವುದು, ಒಟ್ಟು 28 ಅಥವಾ 29. ಗಡಿಯಾರದಲ್ಲಿ ಸರಾಸರಿಯನ್ನು ತೆಗೆದು ಆಯಾ ಕಿ.ಮೀ.ಯ ಸಮಯವಷ್ಟೇ ಕಾಣುವಂತೆ ಈಗಲೇ ಬದಲಾಯಿಸಿದ್ದೇನೆ. ಕಿಸೆಯಲ್ಲಿ ಖರ್ಜೂರ ಮತ್ತು ಬೆಲ್ಲದ ತುಂಡು ಇರುತ್ತವೆ. ಆ ಕಡೆಯವರು ಯಾರಾದರೂ ಒಂದಿಷ್ಟು ದೂರ ಜೊತೆಗೆ ಬರುವುದಾದರೆ, ಬೆಳಿಗ್ಗೆ ಆರೂಮುಕ್ಕಾಲಿಗೆ ಕುಶಾಲನಗರದ ಬಸ್ ನಿಲ್ದಾಣದ ಎದುರು ಕಾಯುತ್ತಿರುತ್ತೇನೆ.