ಹಿಮದ ರಸ್ತೆಗೂ ತೋಟದ ಏರಿಗೂ ಒಂದೇ ಗಾಡಿ: ಆಲ್‌ವೀಲ್ ಡ್ರೈವಾ, ಲಿವರ್ ಹಾಕುವ ಫೋರ್‌ವೀಲಾ?

ಪ್ರಶ್ನೆ (ಪೆರ್ಲದವರು, ಈಗ ಹಿಮಾಚಲದಲ್ಲಿ):

ಅಣ್ಣಾ, ನಮಸ್ಕಾರ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ. ನನಗೆ ಬ್ಯಾಂಕಿನಲ್ಲಿ ಕೆಲಸ. ವರ್ಗವಾಗಿ ಈಗ ಶಿಮ್ಲಾ ಜಿಲ್ಲೆಯ ಠಿಯೋಗ್‌ನಲ್ಲಿದ್ದೇನೆ. ಇಲ್ಲಿಂದ ನಾರ್ಕಂಡಾಕ್ಕೆ ವಾರದಲ್ಲಿ ಕೆಲವು ದಿನ ಹೋಗಿ ಬರಬೇಕು, ಸುಮಾರು 30 ಕಿ.ಮೀ. ಚಳಿಗಾಲದಲ್ಲಿ ಆ ದಾರಿಯಲ್ಲಿ ಹಿಮ ಬೀಳುತ್ತದೆ. ಎರಡು ಮೂರು ವರ್ಷ ಕಳೆದು ಊರಿಗೆ ವಾಪಸು ಬರುವಾಗ ಗಾಡಿಯನ್ನೂ ತರುವ ಯೋಚನೆ. ನನ್ನ ಮನಸ್ಸು ಗ್ರಾಂಡ್ ವಿಟಾರಾ ಆಲ್‌ಗ್ರಿಪ್ ಮೇಲೆ ಉಂಟು, ಲಿವರ್ ಇಲ್ಲದೆ ಬೇಕಾದಾಗ ತಾನಾಗಿ ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಆಲ್‌ವೀಲ್ ಡ್ರೈವ್ ಅದು. ಅಪ್ಪ ಮಾತ್ರ, "ತೋಟಕ್ಕೆ ಇಳಿಯುವ ಗಾಡಿ ತೆಗಿ, ಜೀಪಿನ ಹಾಗೆ ಲಿವರ್ ಇರುವಂಥದ್ದು" ಅಂತ ಹಟ ಹಿಡಿದಿದ್ದಾರೆ. ಹಾಗಾದರೆ ಜಿಮ್ನಿ ಅಥವಾ ಥಾರ್. ನನ್ನ ಹೆಂಡತಿಯೂ ಓಡಿಸುತ್ತಾಳೆ. ನೀವು ಸೇನೆಯ ವಾಹನ ರಿಪೇರಿ ವಿಭಾಗದಲ್ಲಿ ಕಾಶ್ಮೀರದಲ್ಲಿದ್ದವರು, ಈಗ ಬದಿಯಡ್ಕದಲ್ಲಿ ಜೀಪುಗಳ ಮಧ್ಯೆ ಇರುವವರು. ಎರಡೂ ಕಡೆ ಗೊತ್ತಿರುವ ನಿಮ್ಮನ್ನೇ ಕೇಳುವ ಅಂತ ಬರೆದೆ.

ಉತ್ತರ (ಬದಿಯಡ್ಕ ಗ್ಯಾರೇಜಿನಿಂದ):

ನಮಸ್ಕಾರ. ಹಿಮ ಅಂದ ಕೂಡಲೇ ನಮ್ಮವರ ಕಣ್ಣಿಗೆ ಬರುವುದು ಬೆಳ್ಳಗೆ ಮುಚ್ಚಿದ ರಸ್ತೆ. ನೀವು ಓಡಿಸುವ ರಾಷ್ಟ್ರೀಯ ಹೆದ್ದಾರಿ 5ರಲ್ಲಿ ಅಂಥ ದಿನ ಕಡಿಮೆ. ಹಿಮ ಬಿದ್ದ ಮೇಲೆ ಯಂತ್ರ ಬಂದು ತಳ್ಳುತ್ತದೆ, ಮತ್ತೆ ಉಳಿಯುವುದು ತುಂಡು ತುಂಡು ರಸ್ತೆ. ಬಿಸಿಲು ಬೀಳುವ ಮಗ್ಗುಲಲ್ಲಿ ಒಣ ಡಾಮರು. ದೇವದಾರು ಮರಗಳ ನೆರಳಿನ ತಿರುವಿಗೆ ಬಂದರೆ ಐಸು. ಹಗಲು ಕರಗಿ ರಸ್ತೆಗೆ ಹರಿದ ನೀರು ಸಂಜೆಯಾಗುತ್ತಲೇ ಮತ್ತೆ ಗಟ್ಟಿಯಾಗುತ್ತದೆ. ನೋಡಿದರೆ ಒದ್ದೆ ಡಾಮರು ಅಂತಲೇ ಅನಿಸುತ್ತದೆ. ಆ ತಿರುವು ದಾಟಿದರೆ ಪುನಃ ಒಣ ರಸ್ತೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಈ ಬದಲಾವಣೆಯಲ್ಲಿ.

ಥಾರ್, ಜಿಮ್ನಿ, ಹಳೆಯ ಜಿಪ್ಸಿ, ನಮ್ಮ ಊರಿನ ಮಹೀಂದ್ರ ಜೀಪು ಎಲ್ಲವೂ ಪಾರ್ಟ್‌ಟೈಮ್ ಫೋರ್‌ವೀಲ್. ಸಾಧಾರಣ ಓಡುವಾಗ ಎಳೆತ ಹಿಂದಿನ ಚಕ್ರಕ್ಕೆ ಮಾತ್ರ, ಅದು ಟೂ ಹೈ. ಲಿವರನ್ನು ಫೋರ್ ಹೈಗೆ, ಅಂದರೆ ನಾಲ್ಕೂ ಚಕ್ರ ಎಳೆಯುವ ಜಾಗಕ್ಕೆ ಹಾಕಿದಿರೋ, ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಕಳಿಸುವ ಟ್ರಾನ್ಸ್‌ಫರ್ ಕೇಸಿನೊಳಗೆ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಗಟ್ಟಿಯಾಗಿ ಜೋಡಿಯಾಗುತ್ತವೆ. ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ನೇರ ರಸ್ತೆಯಲ್ಲಿ ಅದರಿಂದ ತೊಂದರೆ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ದೊಡ್ಡ ಸುತ್ತು ಹೋಗುತ್ತದೆ, ಹಿಂದಿನದು ಸಣ್ಣ ಸುತ್ತು. ಆ ವ್ಯತ್ಯಾಸವನ್ನು ಯಾವುದಾದರೂ ಟಯರು ಜಾರಿ ಸರಿಮಾಡಬೇಕು. ಕೆಸರಿನಲ್ಲಿ, ಹಿಮದಲ್ಲಿ ಅದು ಸಲೀಸಾಗಿ ಜಾರುತ್ತದೆ. ಒಣ ಡಾಮರು ಜಾರಲು ಬಿಡುವುದಿಲ್ಲ. ಆಗ ಬಿಗಿತ ಎಲ್ಲ ಶಾಫ್ಟು, ಅದರ ಕೀಲಿನ ಕ್ರಾಸ್, ಗೇರುಗಳ ಮೇಲೆ ಕೂತುಕೊಳ್ಳುತ್ತದೆ. ಸ್ಟಿಯರಿಂಗ್ ಬಿಗಿಯಾಗುತ್ತದೆ, ಗಾಡಿ ಜಗ್ಗುತ್ತದೆ, ಲಿವರ್ ವಾಪಸು ಬರುವುದಿಲ್ಲ. ಹಾಗೆ ಸಿಕ್ಕಿಕೊಂಡರೆ ಲಿವರನ್ನು ಬಲವಂತ ಮಾಡಬೇಡಿ. ಸ್ಟಿಯರಿಂಗ್ ನೇರ ಇಟ್ಟು ಸ್ವಲ್ಪ ರಿವರ್ಸ್ ಹೋಗಿ, ಬಿಗಿತ ಬಿಟ್ಟು ಅದಾಗಿಯೇ ಬರುತ್ತದೆ.

ಈಗ ಇದನ್ನು ನಿಮ್ಮ ತುಂಡು ತುಂಡು ರಸ್ತೆಗೆ ಇಟ್ಟು ನೋಡಿ. ಒಣ ಡಾಮರಿಗೆ ಅಂತ ಟೂ ಹೈಯಲ್ಲಿ ಬಂದಿರಿ, ನೆರಳಿನ ತಿರುವಿನಲ್ಲಿ ಐಸು ಸಿಕ್ಕಿತು. ಎಳೆತ ಹಿಂದಿನ ಚಕ್ರಕ್ಕೆ ಮಾತ್ರ ಇರುವುದರಿಂದ ಆಕ್ಸಿಲೇಟರ್ ಸ್ವಲ್ಪ ಹೆಚ್ಚಾದರೂ ಹಿಂಭಾಗ ಹೊರಗೆ ಹೋಗುತ್ತದೆ. ಇಳಿಜಾರಿನಲ್ಲಿ ಕಾಲು ತೆಗೆದರೂ ಅಷ್ಟೇ, ಇಂಜಿನಿನ ತಡೆ ಹಿಂದಿನ ಎರಡು ಚಕ್ರದ ಮೇಲೆ ಬೀಳುತ್ತದಲ್ಲ. ಹಾಗಾಗಿ ಫೋರ್ ಹೈ ಹಾಕಿಯೇ ಹೋಗುವ ಅಂದರೆ ಒಣ ತಿರುವಿನಲ್ಲಿ ಮೇಲೆ ಹೇಳಿದ ಬಿಗಿತ. ಪ್ರತಿ ತಿರುವಿಗೂ ಮೊದಲೇ ನೋಡಿ ನಿರ್ಧಾರ ಮಾಡಬೇಕು. ಅಭ್ಯಾಸ ಆದ ಡ್ರೈವರ್ ಮಾಡುತ್ತಾನೆ. ಸೇನೆಯಲ್ಲಿ ಜಿಪ್ಸಿ ಓಡಿಸುವ ಹುಡುಗರು ಮಾಡುತ್ತಿದ್ದರು, ಅವರಿಗೆ ಅದೇ ಕೆಲಸ. ಸಂಜೆ ಬ್ಯಾಂಕಿನಿಂದ ದಣಿದು ಹೊರಟವರ ಮೇಲೆ ಆ ಭಾರ ಹಾಕಲು ನನಗೆ ಮನಸ್ಸಿಲ್ಲ.

ಗ್ರಾಂಡ್ ವಿಟಾರಾದ ಆಲ್‌ಗ್ರಿಪ್ ಬೇರೆ ರೀತಿ. ಎಳೆತ ಮುಖ್ಯವಾಗಿ ಮುಂದಿನ ಚಕ್ರಕ್ಕೆ. ಹಿಂದಿನ ಆಕ್ಸಲಿಗೆ ಹೋಗುವ ದಾರಿಯಲ್ಲಿ ಒಂದು ಕ್ಲಚ್ ಪ್ಲೇಟುಗಳ ಕಟ್ಟು ಉಂಟು. ಚಕ್ರದ ವೇಗ, ಸ್ಟಿಯರಿಂಗ್, ಆಕ್ಸಿಲೇಟರ್ ನೋಡಿ ಕಂಪ್ಯೂಟರ್ ಆ ಪ್ಲೇಟುಗಳನ್ನು ಬೇಕಾದಷ್ಟೇ ಒತ್ತುತ್ತದೆ. ಐಸಿನ ಮೇಲೆ ಮುಂದಿನ ಚಕ್ರ ಜಾರಲು ಶುರುವಾದ ಕೂಡಲೇ ಹಿಂದಕ್ಕೂ ಎಳೆತ ಹೋಗುತ್ತದೆ, ಒಣ ರಸ್ತೆಗೆ ಬಂದರೆ ಬಿಟ್ಟುಕೊಡುತ್ತದೆ. ಆಟೋ, ಸ್ಪೋರ್ಟ್, ಸ್ನೋ, ಲಾಕ್ ಅಂತ ನಾಲ್ಕು ಮೋಡ್. ನಿಮ್ಮ ರಸ್ತೆಗೆ ಸ್ನೋದಲ್ಲಿಟ್ಟರೆ ಸಾಕು. ಲಾಕ್ ಇರುವುದು ಸಿಕ್ಕಿಬಿದ್ದಾಗ ನಿಧಾನವಾಗಿ ಹೊರಗೆ ಬರಲು.

ಆದ್ದರಿಂದ ಠಿಯೋಗ್–ನಾರ್ಕಂಡಾ ರಸ್ತೆಗೆ, ಇಬ್ಬರು ಓಡಿಸುವ ಮನೆಗೆ, ಆಲ್‌ವೀಲ್ ಡ್ರೈವ್. ಇದರಲ್ಲಿ ನನಗೆ ಸಂಶಯ ಇಲ್ಲ.

ಆದರೆ ಅದಕ್ಕಿಂತ ದೊಡ್ಡ ವಿಷಯ ಬ್ರೇಕು. ನಾಲ್ಕು ಚಕ್ರಕ್ಕೆ ಎಳೆತ ಇದ್ದ ಮಾತ್ರಕ್ಕೆ ಗಾಡಿ ಬೇಗ ನಿಲ್ಲುವುದಿಲ್ಲ. ಬ್ರೇಕು ಎಲ್ಲ ಗಾಡಿಗೂ ನಾಲ್ಕು ಚಕ್ರಕ್ಕೇ ಇರುವುದು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಒಣ ಡಾಮರಿನಲ್ಲಿ ಬ್ರೇಕು ಹಿಡಿದರೆ ಸುಮಾರು 10 ಮೀಟರಿನಲ್ಲಿ ನಿಲ್ಲುವ ಗಾಡಿ, ಐಸಿನಲ್ಲಿ 60 ಮೀಟರು ದಾಟಿಯೂ ಹೋಗಬಹುದು. ಆಲ್‌ವೀಲ್ ಗಾಡಿಯ ಅಪಾಯ ಇರುವುದೇ ಇಲ್ಲಿ. ಏರುವಾಗ, ಹೊರಡುವಾಗ ಅದು ಜಾರದ ಕಾರಣ ರಸ್ತೆ ಚೆನ್ನಾಗಿದೆ ಅನಿಸಿ ವೇಗ ಹೆಚ್ಚುತ್ತದೆ. ಮುಂದಿನ ಇಳಿಜಾರಿನಲ್ಲಿ ಹಿಡಿತಕ್ಕೆ ಬರುವುದಿಲ್ಲ.

ನಿಲ್ಲಿಸುವುದು ಟಯರು. ತಾಪಮಾನ 7 ಡಿಗ್ರಿಗಿಂತ ಕೆಳಗೆ ಇಳಿದರೆ ಸಾಮಾನ್ಯ ಟಯರಿನ ರಬ್ಬರು ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಚಳಿಗಾಲದ ಟಯರಿನ ರಬ್ಬರು ಆಗಲೂ ಮೆತ್ತಗಿರುತ್ತದೆ. ಅದರ ಬದಿಯಲ್ಲಿ ಮೂರು ಶಿಖರದ ಬೆಟ್ಟ, ನಡುವೆ ಹಿಮದ ಹರಳು ಇರುವ ಗುರುತು ಇರುತ್ತದೆ. ಎಂ ಪ್ಲಸ್ ಎಸ್ (ಕೆಸರು, ಹಿಮ) ಅಂತ ಮಾತ್ರ ಬರೆದಿದ್ದರೆ ಅದು ಸಾಲದು. ಗಾಡಿ ಬುಕ್ ಮಾಡುವ ಮೊದಲೇ ನಿಮ್ಮ ಅಳತೆಯಲ್ಲಿ ಇಂಥ ಟಯರು ಸಿಗುತ್ತದಾ ಅಂತ ಶಿಮ್ಲಾದಲ್ಲಿ ವಿಚಾರಿಸಿ. ಹಾಕುವುದಾದರೆ ನಾಲ್ಕನ್ನೂ ಹಾಕಿ. ಸನ್‌ರೂಫಿಗೆ ಕೊಡುವ ದುಡ್ಡು ಇದಕ್ಕೆ ಕೊಡಿ. ಜೊತೆಗೆ ಒಂದು ಜೋಡಿ ಚೈನು ಡಿಕ್ಕಿಯಲ್ಲಿರಲಿ. ಯಾವ ಚಕ್ರಕ್ಕೆ ಕಟ್ಟಬೇಕು ಅಂತ ಗಾಡಿಯ ಪುಸ್ತಕದಲ್ಲಿ ಇರುತ್ತದೆ, ಅದರಂತೆ ಮನೆಯ ಅಂಗಳದಲ್ಲೇ ಕಟ್ಟಿ ಬಿಚ್ಚಿ ಕಲಿತುಕೊಳ್ಳಿ. ಕತ್ತಲಲ್ಲಿ, ಮರಗಟ್ಟಿದ ಕೈಯಲ್ಲಿ ಮೊದಲ ಸಲ ಕಟ್ಟಲು ಆಗುವುದಿಲ್ಲ.

ಇನ್ನೊಂದು ಮಾತು, ಶೋರೂಮಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಗ್ರಾಂಡ್ ವಿಟಾರಾದ ಎಲ್ಲ ಮಾದರಿಯಲ್ಲೂ ಆಲ್‌ಗ್ರಿಪ್ ಇಲ್ಲ. ಥಾರ್ ಕೂಡ 2023ರಿಂದ ಹಿಂದಿನ ಚಕ್ರಕ್ಕೆ ಮಾತ್ರ ಎಳೆತ ಇರುವ ಮಾದರಿಯಲ್ಲಿ ಬರುತ್ತಿದೆ. ಹೊರಗಿನಿಂದ ನೋಡಿದರೆ ಬೇಗ ಗೊತ್ತಾಗುವುದಿಲ್ಲ.

ಪೆರ್ಲದವರು:

ತುಂಬಾ ಉಪಕಾರ ಅಣ್ಣಾ. ಅಪ್ಪನಿಗೆ ಓದಿ ಹೇಳಿದೆ. "ಅದೆಲ್ಲ ಅಲ್ಲಿಗೆ, ನಮ್ಮ ತೋಟಕ್ಕೆ ಎಂತ ಮಾಡುವುದು?" ಅಂತ ಕೇಳ್ತಾರೆ.

ಉತ್ತರ:

ಅಪ್ಪ ಕೇಳುವುದು ನ್ಯಾಯವೇ. ತೋಟದ ದಾರಿ ಹಿಮಕ್ಕಿಂತ ಬೇರೆ ಪರೀಕ್ಷೆ. ಮುರಕಲ್ಲು ಕಡಿದು ಮಾಡಿದ ಏರು, ಜೂನ್ ಕಳೆದರೆ ಪಾಚಿ, ಅದರ ಮೇಲೆ ಬಿದ್ದ ಕಂಗಿನ (ಅಡಿಕೆ ಮರದ) ಹಾಳೆ. ಚಕ್ರ ಹಾಳೆಯ ಮೇಲೆ ಹತ್ತಿದರೆ ಎಂಥ ಗಾಡಿಯೂ ಜಾರುತ್ತದೆ. ಅಲ್ಲಿ ಬೇಕಾಗುವುದು ನಿಧಾನ ಮತ್ತು ಬಲ, ಅಂದರೆ ನಾಲ್ಕೂ ಚಕ್ರಕ್ಕೆ ಎಳೆತ ಇರುವ ನಿಧಾನದ ಗೇರು, ಫೋರ್ ಲೋ. ಆಕ್ಸಿಲೇಟರ್ ಮುಟ್ಟದೆ, ಕ್ಲಚ್ ಅರ್ಧ ಹಿಡಿಯದೆ ನಡೆಯುವ ವೇಗದಲ್ಲಿ ಹತ್ತುತ್ತದೆ. ಇಳಿಯುವಾಗ ಇಂಜಿನೇ ನಾಲ್ಕೂ ಚಕ್ರವನ್ನು ಹಿಡಿದುಕೊಳ್ಳುತ್ತದೆ. ಗ್ರಾಂಡ್ ವಿಟಾರಾದ ಆಲ್‌ಗ್ರಿಪ್‌ನಲ್ಲಿ ಲೋ ಗೇರು ಇಲ್ಲ. ಕಡಿದಾದ ಜಾಗದಲ್ಲಿ ಚಕ್ರ ತುಂಬಾ ಹೊತ್ತು ಸುತ್ತಿದರೆ ಹಿಂದಿನ ಕ್ಲಚ್ ಕಟ್ಟು ಬಿಸಿಯಾಗಿ, ತನ್ನನ್ನು ಉಳಿಸಿಕೊಳ್ಳಲು ಎಳೆತ ಬಿಡುತ್ತದೆ. ಅದು ಕೆಟ್ಟದ್ದಲ್ಲ, ಆ ಕೆಲಸಕ್ಕೆ ಮಾಡಿದ್ದಲ್ಲ. ಜಿಮ್ನಿಗೂ ಗ್ರಾಂಡ್ ವಿಟಾರಾಕ್ಕೂ ನೆಲದಿಂದ ಎತ್ತರ ಒಂದೇ, 210 ಮಿ.ಮೀ. ಆದರೂ ಗುಂಡಿಯಲ್ಲಿ ಒಂದು ಮುಂದಿನ ಚಕ್ರ, ಎದುರು ಮೂಲೆಯ ಹಿಂದಿನ ಚಕ್ರ ಎದ್ದು ನಿಂತಾಗ ಜಿಮ್ನಿ ಸುಧಾರಿಸಿಕೊಳ್ಳುತ್ತದೆ. ಉದ್ದ ಗಾಡಿಗೆ ಅದು ಕಷ್ಟ.

ಹಾಗಾದರೆ ನಿರ್ಧಾರ ಹೇಗೆ? ಒಂದು ಪ್ರಶ್ನೆಗೆ ಉತ್ತರ ಹೇಳಿ. ಜುಲೈ ತಿಂಗಳ ಮಳೆಯಲ್ಲಿ ಪೆರ್ಲದ ಆಟೋದವರು ನಿಮ್ಮ ಜಾಲಿನವರೆಗೆ (ಮನೆಯ ಅಂಗಳದವರೆಗೆ) ಬರ್ತಾರಾ?

ಪೆರ್ಲದವರು:

ಜಾಲಿನವರೆಗೆ ಬರ್ತಾರೆ. ಅಲ್ಲಿಂದ ತೋಟಕ್ಕೆ ಇಳಿಯುವ ಕೊನೆಯ ತುಂಡಿಗೆ ಪಿಕಪ್ ಕೂಡ ಮಳೆಗಾಲದಲ್ಲಿ ಇಳಿಯುವುದಿಲ್ಲ. ನೆರೆಮನೆಯವರ ಜೀಪು ಮಾತ್ರ.

ಉತ್ತರ:

ಆಟೋ ಬರುವ ದಾರಿಗೆ ಆಲ್‌ಗ್ರಿಪ್ ಧಾರಾಳ ಸಾಕು. ಉಳಿದದ್ದು ಕೊನೆಯ ತುಂಡು. ಮಳೆಗಾಲದಲ್ಲಿ ಆ ತುಂಡಿಗೆ ಗಾಡಿ ಇಳಿಯಬೇಕಾಗುವುದು ಎಷ್ಟು ದಿನ? ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವಾಗ ಸುಣ್ಣ, ಮೈಲುತುತ್ತು, ಡ್ರಮ್ಮು ಇಳಿಸಲು. ಅದಕ್ಕೆ ನೆರೆಮನೆಯ ಜೀಪನ್ನು ಬಾಡಿಗೆಗೆ ಕರೆಯಿರಿ. ಅಡಿಕೆ ಕೊಯಿಲು ಶುರುವಾಗುವ ಹೊತ್ತಿಗೆ ನೆಲ ಗಟ್ಟಿಯಾಗಿ ಪಿಕಪ್ಪೇ ಇಳಿಯುತ್ತದೆ. ಆ ಕೆಲವು ದಿನಗಳಿಗೋಸ್ಕರ ಮೂರು ಚಳಿಗಾಲ ಸೊಸೆಯನ್ನು ಐಸಿನ ತಿರುವಿನಲ್ಲಿ ಟೂ ಹೈ, ಫೋರ್ ಹೈ ಅಂತ ಯೋಚಿಸುವ ಹಾಗೆ ಮಾಡುವುದು ಬೇಡ ಅಂತ ಅಪ್ಪನಿಗೆ ನನ್ನ ಪರವಾಗಿ ಹೇಳಿ. ಆಟೋ ಕೂಡ ಜಾಲಿಗೆ ಬಾರದ ಮನೆ ಆಗಿದ್ದರೆ ಜಿಮ್ನಿ ತೆಗೆಯಿರಿ ಅಂತಲೇ ಹೇಳುತ್ತಿದ್ದೆ.

ಬಂದಡ್ಕದ ಮಾಷ್ಟ್ರು:

ನನ್ನದು ಥಾರ್ ಫೋರ್ ಬೈ ಫೋರ್. ಜೋರು ಮಳೆಯಲ್ಲಿ ಕಾಸರಗೋಡಿಗೆ ಹೋಗುವಾಗ ಜಾರಬಾರದು ಅಂತ ಫೋರ್ ಹೈ ಹಾಕಿಯೇ ಹೋಗುತ್ತೇನೆ. ತೊಂದರೆ ಉಂಟಾ?

ಉತ್ತರ:

ಉಂಟು ಮಾಷ್ಟ್ರೇ, ದಯವಿಟ್ಟು ಹಾಗೆ ಮಾಡಬೇಡಿ. ಒದ್ದೆ ಡಾಮರಿನಲ್ಲೂ ಟಯರಿಗೆ ಸಾಕಷ್ಟು ಹಿಡಿತ ಇರುತ್ತದೆ, ಬಿಗಿತ ತಿರುವಿನಲ್ಲಿ ಶಾಫ್ಟಿಗೇ ಹೋಗುತ್ತದೆ. ಹೆದ್ದಾರಿ 66ರಲ್ಲಿ ನಿಂತ ನೀರಿನ ಮೇಲೆ ಗಾಡಿ ತೇಲಿದ ಹಾಗೆ ಆಗುವುದುಂಟಲ್ಲ, ಅದನ್ನು ಫೋರ್‌ವೀಲ್ ತಡೆಯುವುದಿಲ್ಲ. ತಡೆಯುವುದು ಟಯರಿನ ಗೀರುಗಳ ಆಳ ಮತ್ತು ನಿಮ್ಮ ವೇಗ. ಆ ಗೀರಿನ ಒಳಗೆ ಅಡ್ಡಕ್ಕೆ ಸಣ್ಣ ಉಬ್ಬು ಇರುತ್ತದೆ, 1.6 ಮಿ.ಮೀ. ಎತ್ತರ. ರಬ್ಬರು ಅದರ ಮಟ್ಟಕ್ಕೆ ಸವೆದಿದ್ದರೆ ಟಯರು ಮುಗಿಯಿತು ಅಂತ ಅರ್ಥ. ನಮ್ಮ ಮಳೆಗೆ ನಾನು ಅಲ್ಲಿವರೆಗೆ ಕಾಯುವುದಿಲ್ಲ, 3 ಮಿ.ಮೀ. ಆಗುವಾಗಲೇ ಬದಲಿಸಲು ಹೇಳುತ್ತೇನೆ. ಫೋರ್ ಹೈಯನ್ನು ಮನೆಗೆ ತಿರುಗುವ ಮಣ್ಣಿನ ದಾರಿಗೆ ಇಡಿ. ಅಲ್ಲಿ ವಾರಕ್ಕೊಮ್ಮೆ ಹಾಕಿ ತೆಗೆಯುವುದು ಒಳ್ಳೆಯದು, ಎಣ್ಣೆ ಓಡಾಡಿ ಒಳಗಿನ ಭಾಗಗಳು ಜಾಮ್ ಆಗುವುದಿಲ್ಲ.

ಮುಳ್ಳೇರಿಯದ ಅಕ್ಕ:

ಡಿಸೆಂಬರ್‌ನಲ್ಲಿ ಪಾಣತ್ತೂರು, ಕರಿಕೆ ದಾರಿಯಾಗಿ ಭಾಗಮಂಡಲಕ್ಕೆ ಹೋಗುವಾಗ ಮಂಜು ಇರುತ್ತದೆ. ಅದಕ್ಕೂ ಇಂಥ ಗಾಡಿ ಬೇಕಾ? ಹಳೆಯ ಡಸ್ಟರ್ ಆಲ್‌ವೀಲ್ ಒಂದು ಮಾರಾಟಕ್ಕೆ ಬಂದಿದೆ.

ಉತ್ತರ:

ಆ ದಾರಿಗೆ ಬೇಡ ಅಕ್ಕಾ. ಅಲ್ಲಿ ತೊಂದರೆ ಕೊಡುವುದು ಕಾಣದಿರುವುದು, ಜಾರುವುದಲ್ಲ. ಲೈಟು ಡಿಮ್‌ನಲ್ಲಿಟ್ಟು ನಿಧಾನ ಹೋಗಿ, ಅಷ್ಟೇ. ಡಸ್ಟರ್ ಗಾಡಿಯಾಗಿ ಗಟ್ಟಿ. ಆದರೆ ನೋಡಲು ಹೋದಾಗ ನಾಲ್ಕು ಟಯರೂ ಒಂದೇ ಕಂಪನಿ, ಒಂದೇ ಸವೆತ ಉಂಟಾ ನೋಡಿ. ಎರಡು ಹೊಸತು ಎರಡು ಹಳತು ಹಾಕಿ ಓಡಿಸಿದ್ದರೆ ಚಕ್ರಗಳ ಸುತ್ತಳತೆ ಬೇರೆಯಾಗಿ ಹಿಂದಿನ ಕ್ಲಚ್ ಕಟ್ಟು ಸುಮ್ಮನೆ ಸವೆದಿರುತ್ತದೆ. ಜಲ್ಲಿ ಹಾಕಿದ ಏರಿನಲ್ಲಿ ಲಾಕ್‌ಗೆ ಹಾಕಿ ಹತ್ತಿಸಿ, ಹಿಂದಿನ ಚಕ್ರ ಎಳೆಯುತ್ತದಾ ಅಂತ ಒಬ್ಬರನ್ನು ಹೊರಗೆ ನಿಲ್ಲಿಸಿ ನೋಡಿಸಿ. ಆ ಹಳೆಯ ಡಸ್ಟರ್ ಮಾರಾಟ ನಿಂತದ್ದು 2022ರಲ್ಲಿ, ಹಾಗಾಗಿ ಆ ಕಟ್ಟಿನ ಬಿಡಿಭಾಗ ಸಿಗುತ್ತದಾ ಅಂತ ಮೊದಲೇ ಕೇಳಿಕೊಳ್ಳಿ.

ಪೆರ್ಲದವರು:

ಅಪ್ಪ ಒಪ್ಪಿದರು ಅಣ್ಣಾ. ಗ್ರಾಂಡ್ ವಿಟಾರಾ ಬುಕ್ ಮಾಡುತ್ತೇನೆ. ಚಳಿಗೆ ಬೇರೆ ಎಂತಾದರೂ ನೋಡಿಕೊಳ್ಳಬೇಕಾ?

ಉತ್ತರ:

ಎರಡು ವಿಷಯ. ಊರಲ್ಲಿ ರೇಡಿಯೇಟರ್ ಕಡಿಮೆಯಾದರೆ ಬಾವಿ ನೀರು ಹಾಕುವ ಅಭ್ಯಾಸ ನಮಗೆಲ್ಲ ಉಂಟು. ಅಲ್ಲಿ ಅದು ಆಗದು. ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಇಂಜಿನ್ ಬ್ಲಾಕೇ ಬಿರುಕು ಬಿಡಬಹುದು. ಕೂಲಂಟೂ ಶುದ್ಧ ನೀರೂ ಅರ್ಧ ಅರ್ಧ ಇದ್ದರೆ ಸೊನ್ನೆಗಿಂತ 30 ಡಿಗ್ರಿ ಕೆಳಗೂ ಗಟ್ಟಿಯಾಗುವುದಿಲ್ಲ. ಗಾಜು ತೊಳೆಯುವ ಡಬ್ಬಿಗೂ ಬರಿ ನೀರು ಬೇಡ, ಚಳಿಗೆಂದೇ ಮಾರುವ ದ್ರವ ಹಾಕಿ.

ಮತ್ತೆ, ಹಿಮದಲ್ಲಿ ಓಡಿಸಿ ಬಂದ ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದು ಬಿಡಬೇಡಿ. ಒಳಗೆ ಸೇರಿದ ನೀರು ಗಟ್ಟಿಯಾಗಿ ಬ್ರೇಕು ಅಂಟಿಕೊಳ್ಳುತ್ತದೆ, ಬೆಳಿಗ್ಗೆ ಚಕ್ರ ತಿರುಗುವುದಿಲ್ಲ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಆಟೋಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಟಯರಿನ ಗಾಳಿಯನ್ನು ಅಲ್ಲಿನ ಚಳಿಯಲ್ಲೇ, ಗಾಡಿ ಹೊರಡುವ ಮೊದಲು ನೋಡಿಸಿ. ಊರಿನ ಸೆಕೆಯಲ್ಲಿ ತುಂಬಿಸಿದ ಗಾಳಿ ಅಲ್ಲಿಗೆ ತಲುಪುವಾಗ ಕಡಿಮೆ ತೋರಿಸುತ್ತದೆ.